ನೆತ್ತಿಯ ಮೇಲಿನ ಗಂಟು

ತರೀಕೆರೆಯಲ್ಲಿ ಹಜೀರಾಬಿಯ ಬಾಗಿಲು ತಟ್ಟುವುದೆಂದರೆ ಸುಮ್ಮನೆ ಅಲ್ಲ. ಮದುವೆಗೆ ಕರೆಯಲು ಬಂದವರೂ ಅಂಗಳದಿಂದಲೇ 'ಮದುವೆಗೆ ಕಣಮ್ಮಾ, ಬೇರೇನಿಲ್ಲ' ಅಂತ ಗಟ್ಟಿಯಾಗಿ ಹೇಳಿಕೊಂಡೇ ಒಳಗೆ ಬರಬೇಕು. ಹೇಳದೆ ಬಂದರೆ, ಅವರು ಹೊರಗೆ ಹೋಗುವಷ್ಟರಲ್ಲಿ ಅಕ್ಕಪಕ್ಕದವರು ಯಾರು ಹೋದರು, ಯಾವಾಗ ಹೋದರು ಅಂತ ಕೇಳಿಕೊಂಡು ಬಂದುಬಿಡುತ್ತಾರೆ. ಊರಿನ ಮುಸ್ಲಿಮರ ಮನೆಗಳಲ್ಲಿ ಹೆಂಗಸರು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಉಡಿಸಿ ಕಳಿಸಿಕೊಡುವವಳು ಅವಳೇ. ಅತ್ತೆಯಿಂದ ಬಂದ ಕೆಲಸ. ಗಂಡ ದಾವೂದ್ ಸಾಬ್ ಬದುಕಿದ್ದಾಗಲೂ ಬಿಟ್ಟಿರಲಿಲ್ಲ, ಹೋದ ಮೇಲೂ ಬಿಡಲಿಲ್ಲ.

ಉಸಿರು ನಿಂತ ಕೂಡಲೇ ಅವಳಿಗೆ ಫೋನು ಬರುತ್ತಿತ್ತು. ಯಾಕೆಂದರೆ ಎಲ್ಲಕ್ಕಿಂತ ಮೊದಲ ಕೆಲಸ ದವಡೆಯದು. ಮೈ ಸೆಟೆದುಕೊಳ್ಳುವ ಮುಂಚೆ ಗದ್ದದ ಕೆಳಗೆ ಬಟ್ಟೆಯ ಪಟ್ಟಿ ಹಾಯಿಸಿ, ಎರಡೂ ಕೆನ್ನೆಯ ಮೇಲೆ ಎಳೆದು ತಂದು, ನೆತ್ತಿಯ ಮೇಲೆ ಗಂಟು ಹಾಕಬೇಕು. ಇಲ್ಲದಿದ್ದರೆ ಬಾಯಿ ತೆರೆದೇ ಉಳಿಯುತ್ತದೆ, ಅದನ್ನು ನೋಡಿದ ಮಕ್ಕಳು ಬದುಕಿರುವವರೆಗೂ ಮರೆಯುವುದಿಲ್ಲ. ಹಾಗಾಗಿ ಹಜೀರಾಬಿ ಒಲೆಯ ಮೇಲೆ ಅನ್ನ ಅರ್ಧ ಬೆಂದಿದ್ದರೂ ಗ್ಯಾಸ್ ಆರಿಸಿ ಬುರ್ಖಾ ಹಾಕಿಕೊಂಡು ಹೊರಟುಬಿಡುತ್ತಿದ್ದಳು. ಸತ್ತವರನ್ನು ಕಾಯಿಸಬಾರದು ಅನ್ನುವುದು ಅವಳ ಹಟ.

ಇನ್ನೊಂದು ಕಟ್ಟಳೆಯೂ ಇತ್ತು. ತೊಳೆಯುವಾಗ ಕಂಡದ್ದನ್ನು ಹೊರಗೆ ಬಂದು ಆಡಬಾರದು. ದೊಡ್ಡ ಮನೆಯ ಹೆಂಗಸಿನ ಬೆನ್ನ ಮೇಲಿನ ಸುಟ್ಟ ಗಾಯ, ಯಾರಿಗೂ ತೋರಿಸದೆ ಬೆಳೆಸಿಕೊಂಡ ಎದೆಯ ಗಡ್ಡೆ, ಎಲ್ಲವನ್ನೂ ಅವಳು ಕಂಡಿದ್ದಳು. ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಅರ್ಧ ಗಂಟೆ ಜಗಳ ಕಾಯುವ ಬಾಯಿ, ಆ ವಿಷಯ ಬಂದರೆ ಮಾತ್ರ ಹೊಲಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಐಬು ಮುಚ್ಚುವುದು ಪುಣ್ಯದ ಕೆಲಸ ಎಂದು ಅತ್ತೆ ಕಲಿಸಿದ್ದಳು. ಆದರೆ ಅದು ಸತ್ತವರಿಗೆ ಮಾಡಿದ ಕಟ್ಟಳೆ. ಬದುಕಿರುವವರಿಗೂ ಅದನ್ನೇ ಹಾಕಬಾರದೆಂದು ಪಾಪ ಆ ಅತ್ತೆ ಹೇಳಿಕೊಟ್ಟಿರಲಿಲ್ಲ.

ಸನಾ ಅವಳ ಒಬ್ಬಳೇ ಮಗಳು. ಭದ್ರಾವತಿಗೆ ಕೊಟ್ಟಿದ್ದರು. ದಿನ ತುಂಬಿದ ಮೇಲೆ ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಆಮೇಲೆ ಸನಾ ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಬಾಚಲಿಲ್ಲ, ಕರೆದರೆ ತಿರುಗಲಿಲ್ಲ. ಗಂಡನ ಮನೆಯವರು ಸ್ವಲ್ಪ ದಿನ ನೋಡಿ, ರಿಪೇರಿಗೆ ಕೊಡುವ ಮಿಕ್ಸಿಯ ಹಾಗೆ ತಂದು ತಾಯಿಯ ಮನೆಯಲ್ಲಿ ಇಟ್ಟು ಹೋದರು. ವಾಪಸ್ ಕೇಳಿಕೊಂಡು ಯಾರೂ ಬರಲಿಲ್ಲ, ತಲಾಖಿನ ಕಾಗದ ಬಂತು.

ಹಜೀರಾಬಿ ಮಗಳನ್ನು ಕಡೂರಿನ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಡೂರಾದರೆ ತರೀಕೆರೆಯವರ ಕಣ್ಣಿಗೆ ಬೀಳುವ ಭಯವಿಲ್ಲ. ಡಾಕ್ಟರು ಒಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ತಿಂಗಳುಗಳು ಹೋದವು. ಒಂದು ಬೆಳಿಗ್ಗೆ ಸನಾ ತಾನಾಗಿಯೇ ಎದ್ದು ಚಹಾ ಮಾಡಿ ತಾಯಿಗೆ ತಂದುಕೊಟ್ಟಳು. ಅದಾದ ಮೇಲೆ ಓಣಿಯ ಹೆಂಗಸರ ಸೀರೆಗಳಿಗೆ ಫಾಲ್ ಹಾಕತೊಡಗಿದಳು, ಕುಚ್ಚು ಕಟ್ಟತೊಡಗಿದಳು. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದಳು. ಹಲ್ಲು ಸವೆಯುತ್ತದೆ ಕಣೇ ಅಂತ ತಾಯಿ ಬೈದರೆ ನಗುತ್ತಿದ್ದಳು. ಆ ನಗುವಿಗಾಗಿಯೇ ಹಜೀರಾಬಿ ಮತ್ತೆ ಮತ್ತೆ ಬೈಯುತ್ತಿದ್ದಳು.

ಅಷ್ಟರಲ್ಲಿ ಅಜ್ಜಂಪುರದಿಂದ ಸಂಬಂಧ ಬಂತು. ಹುಡುಗ ಬಿಲಾಲ್, ಮೋಟಾರು ವೈಂಡಿಂಗ್ ಅಂಗಡಿ. ಹೆಂಡತಿ ತೀರಿಕೊಂಡಿದ್ದಳು, ಪುಟ್ಟ ಹೆಣ್ಣು ಮಗುವಿತ್ತು. ಅವನ ಅಕ್ಕ ತರನ್ನುಮ್ ನೋಡಲು ಬಂದವಳು ಸನಾಳ ಕೈ ಹಿಡಿದುಕೊಂಡೇ ಕೂತಿದ್ದು, ಹೋಗುವಾಗ ಮಗುವಿನ ಫೋಟೋ ಕೊಟ್ಟು ಹೋದಳು. ಎರಡು ಜುಟ್ಟು ಕಟ್ಟಿದ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡ ಮಗು. ಸನಾ ಆ ಫೋಟೋವನ್ನು ಕುಚ್ಚಿನ ದಾರದ ಡಬ್ಬಿಯಲ್ಲಿ ಇಟ್ಟುಕೊಂಡಳು. ದಾರ ಬೇಕಿಲ್ಲದಾಗಲೂ ಡಬ್ಬಿ ತೆರೆಯುವುದನ್ನು ಹಜೀರಾಬಿ ನೋಡಿದಳು.

ಹುಡುಗಿ ತಲೆಗೆ ಮಾತ್ರೆ ನುಂಗುತ್ತಾಳೆ ಅಂತ ಗೊತ್ತಾದರೆ ಈ ಸಂಬಂಧ ಅಲ್ಲಿಗೇ ಮುಗಿಯಿತು ಎಂದು ಹಜೀರಾಬಿಗೆ ಅನ್ನಿಸಿತು. ನಿಲ್ಲಿಸುವುದಾದರೆ ಮೊದಲು ತಮ್ಮ ಹತ್ತಿರ ಬರಬೇಕು ಅಂತ ಡಾಕ್ಟರು ಹೇಳಿದ್ದಾರೆ ಎಂದು ಸನಾ ನೆನಪಿಸಿದಳು. ಚೆನ್ನಾಗಿದ್ದೀಯಲ್ಲ, ಚೆನ್ನಾಗಿರುವವರಿಗೆ ಡಾಕ್ಟರು ಯಾಕೆ ಎಂದು ತಾಯಿ ಕೇಳಿದಳು. ಫೋಟೋದ ಆಸೆ ಸನಾಳಿಗೂ ಇತ್ತಲ್ಲ, ಅವಳು ಎದುರು ಮಾತಾಡಲಿಲ್ಲ. ಹಜೀರಾಬಿ ಉಳಿದ ಮಾತ್ರೆಗಳನ್ನೆಲ್ಲ ಬಿಡಿಸಿ ಮೋರಿಗೆ ಹಾಕಿ, ಮೇಲೊಂದು ಬಕೆಟ್ ನೀರು ಸುರಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಸನಾಳಿಗೆ ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗಾಗತೊಡಗಿತು. ಸೀರೆ ಮಡಿಸುತ್ತಾ ಮಡಿಸುತ್ತಾ ಕಾರಣವಿಲ್ಲದೆ ಅತ್ತುಬಿಡುತ್ತಿದ್ದಳು. ಅದರ ಹಿಂದೆಯೇ ದವಡೆ ನೋವು ಬಂತು. ನಿದ್ದೆಯಲ್ಲಿ ಕಟಕಟ ಹಲ್ಲು ಕಡಿಯುವುದು ಪಕ್ಕದಲ್ಲಿ ಮಲಗಿದ ತಾಯಿಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಎದ್ದರೆ ಬಾಯಿ ಬಿಡಲಾಗುತ್ತಿರಲಿಲ್ಲ. ಕಿವಿಯ ಕೆಳಗಿಂದ ಹೊರಟ ನೋವು ಕಪಾಳಕ್ಕೆ ಏರಿ ಕುತ್ತಿಗೆಗೆ ಇಳಿಯುತ್ತಿತ್ತು. ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ನುಂಗುತ್ತಿದ್ದಳು, ದಾರ ಕಡಿಯಲು ಕತ್ತರಿ ತೆಗೆದುಕೊಂಡಳು. ಹಜೀರಾಬಿ ಲವಂಗ ಅರೆದು ಹಚ್ಚಿದಳು, ಉಪ್ಪು ಬಿಸಿ ಮಾಡಿ ಶಾಖ ಕೊಟ್ಟಳು, ಅಜ್ಜಂಪುರದವರ ಕಣ್ಣೇ ಬಿದ್ದಿದೆ ಅಂತ ಮೆಣಸಿನಕಾಯಿ ಇಳಿತೆಗೆದಳು. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ, ಇದು ಹುಳುಕು ಹಲ್ಲೇ ಎಂದು ತೀರ್ಮಾನಿಸಿ ಬಸ್ ಸ್ಟ್ಯಾಂಡಿನ ಹತ್ತಿರದ ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿಧಾನಸ್ಥೆ. ದೀಪ ಹಿಡಿದು ನೋಡಿದಳು. ಹಿಂದಿನ ಒಂದು ಹಲ್ಲಿನಲ್ಲಿ ಚೂರು ಕಪ್ಪಿದೆ, ಅದಕ್ಕೆ ಸಿಮೆಂಟು ತುಂಬಿದರೆ ಸಾಕು, ಇಷ್ಟು ನೋವು ಅದರದ್ದಲ್ಲ ಎಂದಳು. ಕೆನ್ನೆ ಒತ್ತಿ ನೋಡಿ, ಇಲ್ಲಿನ ಮಾಂಸವೆಲ್ಲ ಕಲ್ಲಾಗಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಕೇಳಿದಳು.

"ಏನಾದ್ರೂ ಮಾತ್ರೆ ತಗೋತಿದ್ರಾ? ಈಚೆಗೆ ನಿಲ್ಸಿದ್ದು ಅಂತ ಏನಾದ್ರೂ ಇದ್ಯಾ?"

ಬಾಯಿ ತೆರೆದು ಮಲಗಿದ್ದ ಸನಾ ಕಣ್ಣನ್ನಷ್ಟೇ ತಾಯಿಯ ಕಡೆ ಹೊರಳಿಸಿದಳು. ಹೊರಳಿಸಿದ್ದಕ್ಕೆ ತಲೆಯೊಳಗೆ ಕರೆಂಟು ಹೊಡೆದು ಮೈ ಅದುರಿತು. ಹಜೀರಾಬಿ ಅದನ್ನು ನೋಡಿದಳು. ನೋಡಿಯೂ, ಸಾವಿನ ಮನೆಯಲ್ಲಿ ಹೆಣ ತೊಳೆದು ಹೊರಗೆ ಬಂದಾಗ ಹೆಂಗಸರಿಗೆ ಉತ್ತರ ಕೊಡುವ ಅದೇ ತಣ್ಣನೆಯ ದನಿಯಲ್ಲಿ ಹೇಳಿದಳು.

"ಇಲ್ಲ ಡಾಕ್ಟ್ರಮ್ಮಾ. ನನ್ ಮಗಳಿಗೆ ಯಾವ ಕಾಯ್ಲೆನೂ ಇಲ್ಲ. ಆ ಹಲ್ಲು ಕಿತ್ತಾಕ್ಬಿಡಿ, ಸಾಕು."

ಡಾಕ್ಟರಮ್ಮ ಒಪ್ಪಲಿಲ್ಲ. ಮತ್ತೊಮ್ಮೆ ಯೋಚಿಸಿ ಎಂದಳು, ನಾಳೆ ಬನ್ನಿ ಎಂದಳು. ಹಜೀರಾಬಿ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಡಾಕ್ಟರಮ್ಮ ಸನಾಳನ್ನೇ ಕೇಳಿದಳು. ಸನಾ ಆಗಲಿ ಎಂದು ತಲೆಯಾಡಿಸಿದಳು. ಕಿತ್ತ ಹಲ್ಲನ್ನು ಹತ್ತಿಯಲ್ಲಿ ಸುತ್ತಿಕೊಟ್ಟರು. ಮನೆಗೆ ಬಂದು ನುಗ್ಗೆ ಮರದ ಬುಡದಲ್ಲಿ ಹೂಳುವ ಮುಂಚೆ ಹಜೀರಾಬಿ ಅದನ್ನು ಬಿಚ್ಚಿ ನೋಡಿದಳು. ಬೇರು ಸಮೇತ ಗಟ್ಟಿಮುಟ್ಟಾದ ಹಲ್ಲು. ಬೇಗ ಬೇಗ ಮಣ್ಣು ಮುಚ್ಚಿದಳು.

ಹಲ್ಲು ಹೋಯಿತು, ನೋವು ಹೋಗಲಿಲ್ಲ. ಈಗಿನ ಡಾಕ್ಟರುಗಳಿಗೆ ಯಾವ ಹಲ್ಲು ಕೀಳಬೇಕು ಅಂತಲೂ ಗೊತ್ತಿಲ್ಲ ಎಂದು ಹಜೀರಾಬಿ ಓಣಿಯ ತುಂಬ ಬೈದುಕೊಂಡು ಓಡಾಡಿದಳು. ಬೈಯುವುದು ಅವಳಿಗೆ ಸುಲಭದ ಕೆಲಸ. ಅಜ್ಜಂಪುರದವರು ಗೊತ್ತು ಮಾಡಿದ್ದ ನಿಶ್ಚಿತಾರ್ಥದ ದಿನ ಹತ್ತಿರ ಬರುತ್ತಿತ್ತು, ಸನಾಳ ಮುಖ ಬತ್ತಿಹೋಗುತ್ತಿತ್ತು. ಅವಳು ಈಗ ದಾರದ ಡಬ್ಬಿಯನ್ನೂ ತೆರೆಯುತ್ತಿರಲಿಲ್ಲ.

ಅಂಥದ್ದೇ ಒಂದು ದಿನ ಬೆಳಿಗ್ಗೆ, ಅಂಚೆ ಕಚೇರಿಯ ಹಿಂದಿನ ಮನೆಯಿಂದ ಕರೆ ಬಂತು. ಜ್ವರದಲ್ಲಿ ತೀರಿಕೊಂಡ ಸೊಸೆ, ಸನಾಳ ವಯಸ್ಸಿನವಳೇ. ಹಜೀರಾಬಿ ಎಂದಿನಂತೆ ಮೊದಲು ದವಡೆ ಕಟ್ಟಿದಳು. ಎಲ್ಲ ಮುಗಿಸಿ ಮನೆಗೆ ಬಂದಾಗ ಮಧ್ಯಾಹ್ನ. ಕೈಯಲ್ಲಿ ಇನ್ನೂ ಕರ್ಪೂರದ ವಾಸನೆ. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ತಳ್ಳಿಕೊಂಡು ಒಳಗೆ ಬಂದಳು.

ಸನಾ ಚಾಪೆಯ ಮೇಲೆ ಅಂಗಾತ ಮಲಗಿದ್ದಳು, ಕಣ್ಣು ಮುಚ್ಚಿತ್ತು. ಬಿಳಿ ದುಪಟ್ಟಾವನ್ನು ಮಡಿಸಿ, ಗದ್ದದ ಕೆಳಗಿಂದ ಎರಡೂ ಕೆನ್ನೆಯ ಮೇಲೆ ಎಳೆದು, ನೆತ್ತಿಯ ಮೇಲೆ ಗಂಟು ಹಾಕಿಕೊಂಡಿದ್ದಳು.

ಎಷ್ಟು ಹೆಣಗಳನ್ನು ಕಂಡರೂ ಅಲುಗದ ಹೆಂಗಸು ಹಜೀರಾಬಿ. ಅಂಬೆಗಾಲಿನಲ್ಲೇ ಚಾಪೆಯವರೆಗೆ ಹೋಗಿ ಮಗಳ ನೆತ್ತಿಯ ಗಂಟಿಗೆ ಕೈ ಹಾಕಿದಳು. ಸಾವಿರ ಸಲ ಹಾಕಿದ ಗಂಟು, ಬಿಚ್ಚಲು ಬರಲಿಲ್ಲ. ಕೂದಲು ಸಮೇತ ಎಳೆದಾಡಿದಳು. ಸನಾ ಬೆಚ್ಚಿ ಕಣ್ಣು ಬಿಟ್ಟಳು. ಮಗಳು ಕಣ್ಣು ಬಿಟ್ಟದ್ದನ್ನು ನೋಡಿ ಹಜೀರಾಬಿ ಅವಳ ಎದೆಯ ಮೇಲೆ ತಲೆ ಇಟ್ಟು ಅಳತೊಡಗಿದಳು.

ಬಿಗಿಯಾಗಿ ಕಟ್ಟಿಕೊಂಡರೆ ನೋವು ಸ್ವಲ್ಪ ತಡೆಯುತ್ತದೆ, ಅದಕ್ಕೇ ಕಟ್ಟಿಕೊಂಡೆ, ದಿನಾ ನೀನು ಹೊರಗೆ ಹೋದಾಗ ಕಟ್ಟಿಕೊಳ್ಳುತ್ತೇನೆ ಎಂದು ಸನಾ ಸಮಾಧಾನ ಮಾಡಿದಳು. ಆ ಹಾಳು ಹಲ್ಲು ಕಿತ್ತ ಮೇಲೂ ಹೀಗೆ ಯಾಕೆ ಎಂದು ತಾಯಿ ಅಳುತ್ತಲೇ ಕೇಳಿದಳು.

"ಅದು ಹಲ್ಲಿನ ನೋವಲ್ಲ, ಅಮ್ಮೀ. ಮಾತ್ರೆ ಬಿಟ್ಟಿದ್ದಕ್ಕೆ ಬಂದಿದ್ದು. ನಂಗೆ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಕೀಳಿಸ್ಕೊಂಡೆ?"

ಸನಾಳಿಗೆ ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಹಲ್ಲಿನ ಸಂದಿಯಿಂದಲೇ ಮಾತು ಬಂತು. "ನೀನು ಇಲ್ಲ ಅಂದ್ಬಿಟ್ಟೆಯಲ್ಲ. ನೀನು ಇಲ್ಲ ಅಂದ್ಮೇಲೆ ನಾನು ಹೌದು ಅನ್ನೋದು ಹೆಂಗೆ?"

ಹಜೀರಾಬಿ, ಊರಿನ ಸತ್ತವರ ಗುಟ್ಟುಗಳನ್ನೆಲ್ಲ ಕಾಪಾಡಿದ ಹಾಗೆಯೇ ಮಗಳದ್ದನ್ನೂ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಳು. ಸತ್ತವರಿಗೆ ನೋವಾಗುವುದಿಲ್ಲ, ಇವಳಿಗೆ ಆಗುತ್ತದೆ ಎಂಬ ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡಳು.

ಮರುದಿನ ಇಬ್ಬರೂ ಕಡೂರಿನ ಬಸ್ಸು ಹತ್ತಿದರು. ಡಾಕ್ಟರು ಕೇಳುವ ಮುಂಚೆಯೇ ಹಜೀರಾಬಿ ಎಲ್ಲವನ್ನೂ ಹೇಳಿದಳು: ಮೋರಿಗೆ ಹಾಕಿದ ಮಾತ್ರೆ, ಸುರಿದ ನೀರು, ಹಲ್ಲಿನ ಡಾಕ್ಟರಮ್ಮ, ತಾನಾಡಿದ ಸುಳ್ಳು. ಡಾಕ್ಟರು ಬೈಯಲಿಲ್ಲ. ಬಿಡಬಾರದು ಅಂತಲ್ಲ, ಒಂದೇ ಸಲ ಬಿಡಬಾರದಿತ್ತು ಎಂದರು. ಮೈ ಅದಕ್ಕೆ ಒಗ್ಗಿಕೊಂಡಿರುತ್ತದೆ, ತಟ್ಟನೆ ಕಿತ್ತುಕೊಂಡರೆ ಕೆಲವರಿಗೆ ಹೀಗಾಗುತ್ತದೆ. ಮತ್ತೆ ಶುರು ಮಾಡಿ, ನೆಟ್ಟಗಾದ ಮೇಲೆ ಚೂರುಚೂರೇ ಇಳಿಸೋಣ, ತಿಂಗಳುಗಟ್ಟಲೆ ಹಿಡಿಯಬಹುದು, ದವಡೆಯೂ ನಿಧಾನಕ್ಕೆ ಸಡಿಲವಾಗುತ್ತದೆ ಎಂದರು. ಹಾಗಾದರೆ ಆ ಹಲ್ಲು ಎಂದು ಹಜೀರಾಬಿ ಕೇಳಿದಳು. ಡಾಕ್ಟರು ಚೀಟಿ ಬರೆಯುವುದರಲ್ಲಿ ಮಗ್ನರಾದರು.

ಕಡೂರಿನ ಬಸ್ ಸ್ಟ್ಯಾಂಡಿನಲ್ಲೇ, ಮಗಳ ಎದುರಿಗೇ, ಹಜೀರಾಬಿ ತರನ್ನುಮ್‌ಗೆ ಫೋನು ಮಾಡಿದಳು. ಸತ್ತು ಹುಟ್ಟಿದ ಮಗುವಿನಿಂದ ಹಿಡಿದು ಮಾತ್ರೆಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಇನ್ನು ಮುಚ್ಚಿಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ತರನ್ನುಮ್ ಪೂರ್ತಿ ಕೇಳಿಸಿಕೊಂಡಳು. ಹೇಳಿದ್ದು ಒಳ್ಳೆಯದಾಯಿತು ಖಾಲಾ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಆದರೆ ಆಮೇಲೆ ಅವಳ ಫೋನು ಬರಲಿಲ್ಲ. ನಿಶ್ಚಿತಾರ್ಥದ ದಿನವೂ ಬಂದು ಹೋಯಿತು.

ಆ ದಿನ ಸಂಜೆ ಸನಾ ದಾರದ ಡಬ್ಬಿಯಿಂದ ಫೋಟೋ ತೆಗೆದು ತಾಯಿಯ ಕೈಗೆ ಕೊಟ್ಟಳು, ಅವರಿಗೆ ತಲುಪಿಸಿಬಿಡು ಎಂದಳು.

"ಮಗು ಹೆಸರೇನು ಅಂತ ನಾನು ಕೇಳ್ಲೇ ಇಲ್ಲ, ಅಮ್ಮೀ."

ಹಜೀರಾಬಿಗೂ ಗೊತ್ತಿರಲಿಲ್ಲ. ಅವಳೂ ಕೇಳಿರಲಿಲ್ಲ.

ಮಾತ್ರೆ ಮತ್ತೆ ಹಿಡಿದ ಮೇಲೆ ತಲೆಯೊಳಗಿನ ಕರೆಂಟು ನಿಂತಿತು. ದವಡೆ ಮಾತ್ರ ಒಂದು ದಿನ ಸಡಿಲ, ಒಂದು ದಿನ ಬಿಗಿ. ಒಂದು ಮಧ್ಯಾಹ್ನ ಮತ್ತೆ ಜೋರಾಯಿತು. ಸನಾ ದುಪಟ್ಟಾ ಮಡಿಸಿ ತಾಯಿಯ ಮುಂದೆ ಹಿಡಿದು, ನೀನೇ ಕಟ್ಟು, ನಿನಗಾದರೆ ಚೆನ್ನಾಗಿ ಬರುತ್ತದೆ ಎಂದಳು. ಹಜೀರಾಬಿ ಬಟ್ಟೆಯನ್ನು ಗದ್ದದ ಕೆಳಗೆ ಹಾಯಿಸಿದಳು, ಕೆನ್ನೆಯ ಮೇಲೆ ತಂದಳು. ಕೈ ತಾನಾಗಿಯೇ ನೆತ್ತಿಗೆ ಹೋಗಿ ನಿಂತುಬಿಟ್ಟಿತು. ಆ ಗಂಟೊಂದನ್ನು ಬಿಟ್ಟು ಅವಳ ಕೈಗೆ ಬೇರೆ ಗಂಟು ಗೊತ್ತಿರಲಿಲ್ಲ.

ಬಟ್ಟೆ ಎಸೆದು, ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಅಂಗೈಗಳಿಂದ ದವಡೆಯನ್ನು ಒತ್ತಿ ಹಿಡಿದಳು. ಕೆನ್ನೆ ಬೆಚ್ಚಗಿತ್ತು, ಒಳಗೆ ಮಾಂಸ ಅದುರುತ್ತಿತ್ತು. ಹಲ್ಲು ಇದ್ದ ಜಾಗದ ತಗ್ಗು ಹೆಬ್ಬೆರಳಿಗೆ ಸಿಕ್ಕಿತು. ನಾನೇ ಕೀಳಿಸಿದ್ದು ಎಂದಳು. ಸನಾ ಅಲ್ಲ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ತಾಯಿಯ ಕೈಗೆ ಮುಖವನ್ನು ಇನ್ನಷ್ಟು ಒತ್ತಿದಳು.

ಮೂಲೆಯಲ್ಲಿ ಫೋನು ಬಡಿದುಕೊಂಡಿತು. ನಿಂತಿತು, ಮತ್ತೆ ಬಡಿದುಕೊಂಡಿತು. ಹಾಗೆ ಬಿಡದೆ ಬಡಿದುಕೊಳ್ಳುವ ಫೋನು ಯಾತಕ್ಕೆ ಎಂದು ಆ ಮನೆಯಲ್ಲಿ ಇಬ್ಬರಿಗೂ ಗೊತ್ತು.

"ಹೋಗು ಅಮ್ಮೀ," ಎಂದಳು ಸನಾ. "ಅವ್ರನ್ನ ಕಾಯಿಸ್ಬಾರ್ದು."

ಹಜೀರಾಬಿ ಕೈ ತೆಗೆಯಲಿಲ್ಲ.

"ಕಾಯ್ಲಿ," ಎಂದಳು.