ಕೂಟದ ಜಮಖಾನೆ

ನವಲಗುಂದದ ಮಗ್ಗದ ಮೇಲೆ ನನ್ನನ್ನು ನೇಯ್ದ ಅಜ್ಜಿ ಕೊನೆಯ ಗಂಟು ಹಾಕಿ, "ಹೋಗವ್ವಾ, ಒಂದು ಚಲೋ ಮನಿ ಸೇರು" ಎಂದು ಹರಸಿದ್ದಳು. ಒಂದು ಮನೆ ಎಲ್ಲಿಂದ ಬರಬೇಕು! ನನ್ನನ್ನು ಕೊಂಡದ್ದು ಬೆಟಗೇರಿಯ ಒಂದು ಕ್ರೈಸ್ತ ಸಭೆ. ಪ್ರತಿ ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಅದು ಮುಗಿದ ಕೂಡಲೇ ನನ್ನನ್ನು ಸುತ್ತಿ ಮುಂದಿನ ವಾರದ ಮನೆಗೆ ಸಾಗಿಸುತ್ತಿದ್ದರು. ನನ್ನ ಇಷ್ಟ ಯಾರು ಕೇಳಬೇಕು? ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಎಲ್ಲೂ ನೆಲೆ ನಿಲ್ಲದ ಈ ಬಾಳು ನನಗೆ ಸಾಕಾಗಿತ್ತು.

ಕೂಟದಲ್ಲಿ ಒಂದು ಪದ್ಧತಿಯಿತ್ತು. ಪಕ್ಕದಲ್ಲಿ ಕುಳಿತವರನ್ನು "ಈ ವಾರ ಹೆಂಗ ನಡದ್ರಿ?" ಎಂದು ಕೇಳಬೇಕು. ಅವರು "ದೇವರ ಕೃಪೆಯಿಂದ ಚಲೋ ನಡದೀನ್ರಿ" ಎನ್ನಬೇಕು, ಎಲ್ಲರೂ "ಹಲ್ಲೆಲೂಯ" ಎನ್ನಬೇಕು. ಎಲ್ಲರ ವಾರವೂ ಚಲೋ! ಹೆಂಡತಿಯ ಜೊತೆ ಮಾತು ಬಿಟ್ಟವರೂ ನನ್ನ ಮೇಲೆ ಕುಳಿತು ಚಲೋ ಎನ್ನುವಾಗ ನನಗೆ ನಗು ಬರುತ್ತಿತ್ತು.

ನಗು ನಿಂತದ್ದು ಯೋನಪ್ಪನ ಮನೆಯಲ್ಲಿದ್ದ ವಾರ. ಶಾಲೆಯ ಮಕ್ಕಳ ವ್ಯಾನ್ ಓಡಿಸುವ ಒಂಟಿ ಮನುಷ್ಯ ಅವನು. ಕುಡಿತ ಬಿಟ್ಟೆನೆಂದು ಸಭೆಗೆ ಮಾತು ಕೊಟ್ಟಿದ್ದ. ಬಾಗಿಲು ಹಾಕಿ, ನನ್ನನ್ನು ಹಾಸಿಕೊಂಡು ಬಾಟಲಿ ತೆಗೆದ. ಬೆಳಿಗ್ಗೆ ಕೆಂಪು ಕಣ್ಣಿನಲ್ಲೇ ವ್ಯಾನ್ ಹತ್ತಿದ. ವಾರವೆಲ್ಲ ಇದೇ. ನನಗೆ ಜೀವದಲ್ಲಿ ಜೀವವಿರಲಿಲ್ಲ. ಶುಕ್ರವಾರ ಅವನ ಪಕ್ಕದಲ್ಲಿ ಮುದುಕಿ ಮಾರ್ಥವ್ವ ಕುಳಿತಳು. ಅವಳ ಮೊಮ್ಮಗಳು ರೂತ್ ಹೋಗುವುದು ಅದೇ ವ್ಯಾನಿನಲ್ಲಿ.

"ಹೆಂಗ ನಡದೀಪಾ?"

"ಚಲೋ ನಡದೀನವ್ವಾ."

ಹಲ್ಲೆಲೂಯ. ನನಗೆ ಬಾಯಿ ಇದ್ದಿದ್ದರೆ!

ಮುಂದಿನ ವಾರ ವ್ಯಾನು ಚರಂಡಿಗೆ ಇಳಿಯಿತು. ಮಕ್ಕಳೆಲ್ಲ ಬದುಕಿಕೊಂಡರು. ರೂತ್‌ಳ ಹಣೆ ಒಡೆಯಿತು.

ಆ ಶುಕ್ರವಾರ ಕೂಟ ಮಾರ್ಥವ್ವನ ಮನೆಯಲ್ಲಿ. ಹಿರಿಯರು ಯೋನಪ್ಪನನ್ನು ಸಭೆಯಿಂದ ತೆಗೆಯಬೇಕೆಂದರು. ಅವನು ಸಿಟ್ಟಾದ. "ದೇವರ ಮುಂದ ಅತ್ತೀನಿ, ಅಂವಾ ಕ್ಷಮಿಸ್ಯಾನ. ನಿಮಗ್ಯಾಕ ಉತ್ತರ ಹೇಳಬೇಕು?"

"ಕ್ಷಮಿಸಿರಬಹುದಪಾ," ಎಂದಳು ಮಾರ್ಥವ್ವ. "ಆದ್ರ ಮಕ್ಕಳನ್ನ ನಿನ್ನ ವ್ಯಾನಿಗೆ ಹತ್ತಿಸಿದವ್ರು ನಾವು. ಅವತ್ತ ನಿನ್ನ ಬಾಯಿ ವಾಸನಿ ನನಗ ಬಡದಿತ್ತು. ಕೂಟ ಕೆಡಬಾರದಂತ ಸುಮ್ನ ಕುಂತೆ. ಕೂಸಿನ ಹಣಿ ಎಲ್ಲಾರೂ ಕೂಡೇ ಒಡದೀವಿ."

ಸಭೆಯಿಂದ ತೆಗೆಯುವ ಮಾತನ್ನು ಹಿರಿಯರು ಅಲ್ಲಿಗೇ ಬಿಟ್ಟರು.

ಮರುದಿನ ಅವರೆಲ್ಲ ಯೋನಪ್ಪನ ಜೊತೆ ಪ್ರತಿ ಮಗುವಿನ ಮನೆಗೂ ನಡೆದರು. ಅವನ ಬಾಯಿಂದಲೇ ನಿಜ ಹೇಳಿಸಿದರು. ಕೆಲವರು ಬಾಯಿಗೆ ಬಂದಂತೆ ಬೈದರಂತೆ. ಪಕ್ಕದಲ್ಲಿ ನಿಂತವರಿಗೂ ಆ ಬೈಗುಳದ ಪಾಲು ಸಿಕ್ಕಿತಂತೆ. ಯೋನಪ್ಪ ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಪಡೆದು ಬರುವವರೆಗೆ ನಿವೃತ್ತ ಬಸ್ ಡ್ರೈವರ್ ಸತ್ಯಪ್ರಿಯ ವ್ಯಾನ್ ಓಡಿಸಿದ. ಆಮೇಲೆ ಮಾರ್ಥವ್ವನ ಷರತ್ತು: "ವ್ಯಾನಿನ ಚಾವಿ ನನ್ನ ಮನ್ಯಾಗ. ದಿನಾ ಮುಂಜಾನೆ ಬಂದು ನನ್ನ ಮಾರಿಗೆ ಊದು, ಆಮ್ಯಾಲೆ ಒಯ್ಯಿ."

ವರ್ಷಗಳು ಕಳೆದವು. ಇಲಿ ಕಡಿದು ನಾನು ಹರಿದೆ. ಗಟ್ಟಿ ಉಳಿದ ಒಂದು ತುಂಡನ್ನು ಮಾರ್ಥವ್ವ ತನ್ನ ಬಾಗಿಲಿಗೆ ಕಾಲೊರಸು ಮಾಡಿಕೊಂಡಳು. ಕೊನೆಗೂ ಒಂದು ಮನೆ! ಆದರೆ ನೆಮ್ಮದಿ ಎಲ್ಲಿ? ದಿನವೂ ಯೋನಪ್ಪನ ಕಾಲು ನನ್ನ ಮೇಲೆ ಬೀಳುವವರೆಗೆ ತಳಮಳ.

ಮೊನ್ನೆ ಅವನು ಬಂದವನು ಊದಲಿಲ್ಲ. "ಇವತ್ತ ಚಾವಿ ಬ್ಯಾಡವ್ವಾ. ರಾತ್ರಿ ಕುಡದೀನಿ."

ಮಾರ್ಥವ್ವ ಚಾವಿಯನ್ನು ಸೆರಗಿಗೆ ಕಟ್ಟಿಕೊಂಡಳು. "ರೂತ್, ಓಡು. ಸತ್ಯಪ್ರಿಯ ಮಾವಗ ಲಗೂನ ಬಾ ಅನ್ನು." ಆಮೇಲೆ ಅವನಿಗೆ, "ನೀ ಒಳಗ ಬಾ, ಚಾ ಕುಡಿ" ಎಂದಳು. ಅವನು ಒಳಗೆ ಹೋಗಲಾರದೆ ನನ್ನ ಮೇಲೇ ಕುಸಿದು ಅತ್ತ. ಮಾರ್ಥವ್ವ ಮೊಣಕಾಲು ಹಿಡಿದುಕೊಂಡು, ನರಳುತ್ತ, ಅವನ ಪಕ್ಕದಲ್ಲೇ ಕುಳಿತಳು.

ಇನ್ನು ಮುಂದೆ ದಿನವೂ ಬರುತ್ತಾನೋ ಇಲ್ಲವೋ, ನನಗಂತೂ ಹೆದರಿಕೆಯೇ. ಆದರೆ ಅವನು ಸೋತ ಆ ದಿನ ಮಕ್ಕಳೆಲ್ಲ ಸಂಜೆ ನಗುನಗುತ್ತ ಮನೆ ಸೇರಿದರು.