ಮೇಯರನ ಊರು ಪಾಲಾದ ಮೇಲೆ

ಬಾಟಲಿ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರನ ಗುಮಾಸ್ತನವರೆಗೆ ಎಲ್ಲರ ಬಾಯಲ್ಲೂ ಅವನು ಮೇಯರ್. ಓಟು ಕೇಳದೆ, ಯಾರಿಗೂ ಕೈ ಮುಗಿಯದೆ ಸಿಕ್ಕ ಪದವಿ. ಅದಕ್ಕೆ ಕಾರಣ ಅವನ ಮನೆಯ ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿದ್ದ ಊರು. ಊರು ಕಟ್ಟಿ ನಡೆಸುವ ಆಟ ಅದು. ಹೊಳೆ ದಂಡೆಯ ಬರಿ ನೆಲ, ನಾಲ್ಕು ಗುಡಿಸಲು, ಒಂದು ಬಾವಿ, ಇಷ್ಟರಿಂದ ಶುರು ಮಾಡಿ ಒಂಬತ್ತು ವರ್ಷದಲ್ಲಿ ನಲವತ್ತೊಂದು ಸಾವಿರ ಜನಕ್ಕೆ ತಂದಿದ್ದ. ಗೋಧಿ ಹೊಲದಿಂದ ಗಿರಣಿ, ಗಿರಣಿಯಿಂದ ಬೇಕರಿ, ಬೇಕರಿಯಿಂದ ಮಾರುಕಟ್ಟೆ. ಆಚೆಗೆ ಕಬ್ಬಿಣದ ಗಣಿ, ಹಡಗುಕಟ್ಟೆ. ಒಂದು ಕಡೆ ಗಾಡಿ ನಿಂತರೆ ಹತ್ತು ಕಡೆ ಒಲೆ ಆರುವಂಥ ಆಟ.

ಕಾರ್ಖಾನೆಯಲ್ಲಿ ಅವನ ಕೆಲಸ ಬೆಳಕಿನ ಪರದೆಯ ಮುಂದೆ ಕೂತು, ಸಾಲಾಗಿ ಸಾಗುವ ಬಾಟಲಿಗಳಲ್ಲಿ ಬಿರುಕು ಬಿಟ್ಟದ್ದನ್ನು ಎತ್ತಿ ಬುಟ್ಟಿಗೆ ಹಾಕುವುದು. ಬೆಳಿಗ್ಗೆ ಆರರಿಂದ ಎರಡರವರೆಗೆ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವನಿಗೆ ಹೇಳಿಕೊಳ್ಳಲು ಏನಿರುತ್ತದೆ? ಹಾಗಾಗಿ ಕ್ಯಾಂಟೀನಿನಲ್ಲಿ ಊರಿನ ಸುದ್ದಿ ಹೇಳುತ್ತಿದ್ದ. ಸೇತುವೆ ಎದ್ದದ್ದು, ಹಡಗು ಬಂದದ್ದು, ಗಣಿ ಕಾರ್ಮಿಕರು ಮುನಿಸಿಕೊಂಡದ್ದು. ಕೇಳುವವರು ನಗುತ್ತಲೇ ಕೇಳುತ್ತಿದ್ದರು. ಆದರೆ ಕೇಳುತ್ತಿದ್ದರು, ಅದು ಮುಖ್ಯ.

ಆ ಊರಿಗೆ ಇನ್ನೊಬ್ಬ ಹಕ್ಕುದಾರನಿದ್ದ, ತಮ್ಮ. ಅದೇ ಕಾರ್ಖಾನೆಯ ಕುಲುಮೆಯಲ್ಲಿ ಮೆಕ್ಯಾನಿಕ್, ಎರಡನೇ ಪಾಳಿ. ಅಣ್ಣನ ಮನೆಯ ಮುಂದಿನ ಕೋಣೆಯಲ್ಲೇ ಅವನ ಹಾಸಿಗೆ, ಹಾಸಿಗೆಯ ಪಕ್ಕದಲ್ಲೇ ಕಂಪ್ಯೂಟರ್. ಕೊಂಡದ್ದು ಇಬ್ಬರೂ ಸೇರಿ. ಅಣ್ಣ ಕೆಲಸದಲ್ಲಿರುವಾಗ ತಮ್ಮ ಆಡುತ್ತಿದ್ದ. ತಮ್ಮ ಪಾಳಿಗೆ ಹೋದಾಗ ಅಣ್ಣ. ಭಾನುವಾರ ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡುವುದೇ ಕಷ್ಟ. ಆದರೂ ಊರು ಒಂದೇ.

"ನನ್ನ ತಮ್ಮನಿಗೆ ದೊಡ್ಡದು ಯೋಚಿಸೋಕೇ ಬರಲ್ಲ ಕಣ್ರಯ್ಯಾ," ಎಂದು ಮೇಯರ್ ಕ್ಯಾಂಟೀನಿನಲ್ಲಿ ಹೇಳುತ್ತಿದ್ದ. "ಸೇತುವೆ ಕಟ್ಟೋ ಅಂದ್ರೆ ಬಾವಿ ತೋಡ್ತಾನೆ. ನಾನು ಕಟ್ಟೋದು, ಅವನು ಕೆಡಿಸೋದು. ಅವನನ್ನ ಕಟ್ಟಿಕೊಂಡು ಊರು ಇಷ್ಟು ಬೆಳೆದಿರೋದೇ ಪವಾಡ!"

ನಿಜವೇ. ಮಧ್ಯಾಹ್ನ ಬಂದು ಆಟ ತೆರೆದರೆ, ತಾನು ಆಸೆಪಟ್ಟು ಬಿಡಿಸಿದ ಅಗಲ ರಸ್ತೆಯ ಮಗ್ಗುಲಲ್ಲಿ ಬೆಂಕಿಪೊಟ್ಟಣದಂಥ ಧಾನ್ಯದ ಕೊಟ್ಟಿಗೆಗಳು ಎದ್ದಿರುತ್ತಿದ್ದವು. ಒಂದು ಗಾಡಿಖಾನೆ, ಎರಡು ಬಾವಿ. ಕಣ್ಣಿಗೆ ಕಸ ಬಿದ್ದ ಹಾಗಾಗಿ ಮೇಯರ್ ಅವನ್ನೆಲ್ಲ ಕೆಡವುತ್ತಿದ್ದ. ಮರುದಿನ ಅವು ಇನ್ನೊಂದು ಮೂಲೆಯಲ್ಲಿ ಹುಟ್ಟಿರುತ್ತಿದ್ದವು. ಕೆಲವು ಸಂಜೆ ಅವನು ಆಟ ಬಿಟ್ಟು ಏಳುವ ಹೊತ್ತಿಗೆ ಊರಿನ ಅರ್ಧ ಮನೆಗಳ ಮೇಲೆ ಕೆಂಪು ಗುರುತು ಮಿನುಗುತ್ತಿತ್ತು: ಬ್ರೆಡ್ಡಿಲ್ಲ. ಮರುದಿನ ನೋಡಿದರೆ ಎಲ್ಲ ಶಾಂತ. ತನ್ನ ಯೋಜನೆ ಫಲ ಕೊಡಲು ಒಂದು ದಿನ ಹಿಡಿಯುತ್ತದೆ ಎಂದು ಅವನು ತಿಳಿದಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ತೋರಿಸುವವರು ಯಾರು?

ಊರು ನೆಟ್ಟಗಿದ್ದ ದಿನ ಅವನಷ್ಟು ಒಳ್ಳೆಯ ಮನುಷ್ಯ ಇರಲಿಲ್ಲ. ಹೆಂಡತಿಗೆ ತಮಾಷೆ ಮಾಡುತ್ತಿದ್ದ, ಪಾತ್ರೆ ಒರೆಸಿಕೊಡುತ್ತಿದ್ದ. ಊರು ಕೆಟ್ಟ ದಿನ ಅವನ ಕೋಪ ಮೂಗಿನ ತುದಿಯಲ್ಲಿರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಗಿರುತ್ತಿತ್ತು, ಫ್ಯಾನು ಸದ್ದು ಮಾಡುತ್ತಿತ್ತು, ತಟ್ಟೆ ಹಾರುತ್ತಿತ್ತು. "ನನ್ನದು ಹುಲ್ಲಿನ ಬೆಂಕಿ, ಧಗ್ ಅಂತ ಹತ್ತಿ ತಣ್ಣಗಾಗುತ್ತೆ," ಎಂದು ತನ್ನ ಬಗ್ಗೆ ತಾನೇ ಮೆಚ್ಚಿ ಹೇಳಿಕೊಳ್ಳುತ್ತಿದ್ದ. ಸುಟ್ಟದ್ದು ಏನು ಎಂದು ಅವನು ಕೇಳಿಕೊಳ್ಳಲಿಲ್ಲ, ಅವಳೂ ಹೇಳಲಿಲ್ಲ.

ನಲವತ್ತು ಹತ್ತಿರ ಬಂದ ಮೇಲೆ ತಮ್ಮನಿಗೆ ಮದುವೆ ಕೂಡಿಬಂತು. ಹುಡುಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳ ಅಂಗಡಿಗೆ ಹತ್ತಿರವಾಗಲಿ ಎಂದು ಬೇರೆ ಮನೆ ನೋಡಿದರು. ಹೊರಡುವ ದಿನ ಮೇಯರ್ ಧಾರಾಳವಾಗಿ, "ಕಂಪ್ಯೂಟರ್ ಇಲ್ಲಿರಲಿ. ಆದ್ರೆ ಊರಲ್ಲಿ ನಿನಗೂ ಪಾಲಿದೆ. ಏನು ಮಾಡೋಣ ಹೇಳು," ಎಂದ.

ತಮ್ಮ ಒಂದು ಪೆನ್‌ಡ್ರೈವ್ ಸಿಕ್ಕಿಸಿ ಊರನ್ನು ಅದರೊಳಗೆ ಇಳಿಸಿಕೊಂಡ. ಟೀ ಆರುವಷ್ಟರಲ್ಲಿ ಮುಗಿಯಿತು. ಒಂದು ಅಂಗುಲ ಗೋಡೆಗೆ ಮೂರು ತಲೆಮಾರು ಕೋರ್ಟು ಹತ್ತುವ ಪ್ರಪಂಚದಲ್ಲಿ, ಇಬ್ಬರಿಗೂ ಇಡೀ ಊರೇ ಸಿಕ್ಕಿತು. ಮೇಯರಿಗೆ ಇದು ಯಾಕೋ ಅವಮಾನವೆನಿಸಿತು. ಹಂಚಿಕೊಂಡರೂ ಕಡಿಮೆಯಾಗದ ಆಸ್ತಿಯಲ್ಲಿ ತ್ಯಾಗ ಮಾಡಿದ ಸುಖ ಎಲ್ಲಿ?

ಆ ಸಿಟ್ಟಿಗೋ ಏನೋ, ಮರುವಾರ ಪಾಳಿ ಬದಲಾಗುವ ಹೊತ್ತಿಗೆ ಕ್ಯಾಂಟೀನಿನಲ್ಲಿ ಎಲ್ಲರೆದುರು ಪಣ ಕಟ್ಟಿದ. "ಮೂರು ತಿಂಗಳು ಟೈಮು. ಇಬ್ಬರೂ ಅವರವರ ಊರು ತಂದು ಇದೇ ಟಿವೀಲಿ ತೋರಿಸೋಣ. ನನ್ನ ಊರು ಇವನದ್ದಕ್ಕಿಂತ ಒಂದು ತಲೆ ಕಡಿಮೆ ಇದ್ರೂ ಇನ್ಮೇಲೆ ಇವನನ್ನೇ ಮೇಯರ್ ಅನ್ನಿ."

"ಆಗಲಿ ಅಣ್ಣ," ಎಂದು ತಮ್ಮ ನಕ್ಕು ಕುಲುಮೆಗೆ ಹೋದ.

ಮೇಯರ್ ಅವತ್ತೇ ಊರಿನ ಬೆಂಕಿಪೊಟ್ಟಣಗಳನ್ನೆಲ್ಲ ಗುಡಿಸಿ ಹಾಕಿದ. ಇನ್ನು ಯಾರು ಕಟ್ಟುತ್ತಾರೆ ನೋಡೋಣ! ಆ ಜಾಗದಲ್ಲಿ ಕಾರಂಜಿಯ ತೋಟ ಬಂತು, ನಡುವೆ ಎತ್ತರದ ಗಡಿಯಾರದ ಗೋಪುರ. ಶ್ರೀಮಂತರು ಬಂದು ನೆಲೆಸಿದರು. ಒಂದು ವಾರ ಜನಸಂಖ್ಯೆ ಏರಿತು, ಕ್ಯಾಂಟೀನಿನಲ್ಲಿ ಅವನ ದನಿಯೂ ಏರಿತು. ಎರಡನೇ ವಾರ ಕೆಂಪು ಗುರುತು ಬಂತು. ಗಿರಣಿಯಲ್ಲಿ ಹಿಟ್ಟು ಗುಡ್ಡದಂತೆ ಬಿದ್ದಿತ್ತು, ಬೇಕರಿಯಲ್ಲಿ ಒಲೆ ಉರಿಯುತ್ತಿತ್ತು, ನಡುವೆ ಗಾಡಿ ಇರಲಿಲ್ಲ. ಇದ್ದ ನಾಲ್ಕು ಗಾಡಿಗಳು ಊರಾಚೆಯ ದೊಡ್ಡ ಉಗ್ರಾಣದಿಂದ ತೋಟ ಸುತ್ತಿ ಬರುವಷ್ಟರಲ್ಲಿ ಗಣಿ ಕಾರ್ಮಿಕರ ಕೇರಿಯವರು ಗಂಟುಮೂಟೆ ಕಟ್ಟಿದ್ದರು. ಕಾರ್ಮಿಕರು ಹೋದರೆ ಗಣಿ ನಿಂತಿತು, ಗಣಿ ನಿಂತರೆ ಗಾಡಿ ಮಾಡುವ ಕಮ್ಮಾರಶಾಲೆಯೂ ನಿಂತಿತು. ಮೇಯರ್ ಸಿಟ್ಟಿಗೆದ್ದು ತೆರಿಗೆ ಏರಿಸಿದ. ಶ್ರೀಮಂತರೂ ಹೊರಟರು.

ಒಂದು ದಿನ ಕಾಯೋಣ ಎಂದು ಕಾದ. ಮರುದಿನ ಊರು ಬಿಟ್ಟಲ್ಲೇ ಇತ್ತು, ಕೆಂಪಾಗಿಯೇ ಇತ್ತು. ಮೌಸ್ ಕೆಟ್ಟಿದೆ ಎಂದ, ಹೊಸದು ತಂದ. ಆಟವೇ ಕೆಟ್ಟಿದೆ ಎಂದ. ಕುಣಿಯಲಾರದವಳಿಗೆ ನೆಲ ಡೊಂಕಾದಂತೆ ಅವನಿಗೆ ಕುರ್ಚಿಯೂ ಡೊಂಕಾಗಿ ಕಂಡಿತು. ಮೂವತ್ತು ಸಾವಿರ. ಇಪ್ಪತ್ತೆರಡು. ಹದಿನಾಲ್ಕು. ಕ್ಯಾಂಟೀನಿನಲ್ಲಿ ಮಾತ್ರ, "ನಲವತ್ತೈದು ದಾಟಿದೆ," ಎನ್ನುತ್ತಿದ್ದ.

ಒಂದು ಬುಧವಾರ ಹೆಂಡತಿ ಊಟದ ತಟ್ಟೆ ತಂದವಳು ಪರದೆಯ ಮೇಲಿನ ಗೋಪುರ ನೋಡಿ ಬಾಯಿತಪ್ಪಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದಳು. ತಟ್ಟೆ ಗೋಡೆಗೆ ಹೋಗಿ ಬಿತ್ತು. ಅವಳಿಗೆ ತಗಲಲಿಲ್ಲ. ತಗಲದಂತೆ ಎಸೆದದ್ದನ್ನೇ ಅವನು ತನ್ನ ಒಳ್ಳೆಯತನವೆಂದು ಲೆಕ್ಕ ಹಿಡಿದ. ಅವಳು ಬಟ್ಟೆ ತಂದು ನೆಲ ಒರೆಸಿದಳು. ಆ ಮೂರು ತಿಂಗಳಲ್ಲಿ ಅವಳು ನೆಲ ಒರೆಸಿದ್ದು ಅದು ಎಷ್ಟನೆಯ ಸಲವೋ.

ಪಣದ ಸೋಮವಾರಕ್ಕೆ ಒಂದೇ ದಿನ ಉಳಿದಾಗ ಊರಿನಲ್ಲಿದ್ದವರು ಒಂಬತ್ತು ಸಾವಿರ. ಭಾನುವಾರ ಬೆಳಿಗ್ಗೆ ಮೇಯರ್ ತಮ್ಮನ ಮನೆಗೆ ಹೊರಟ. ಅವನಲ್ಲಿ ಒಂದೇ ಆಸೆ ಉಳಿದಿತ್ತು: ತಮ್ಮನ ಊರು ತನ್ನದಕ್ಕಿಂತ ಹೆಚ್ಚು ಹಾಳಾಗಿರಬೇಕು. ದಾರಿಯುದ್ದಕ್ಕೂ ಅದನ್ನೇ ಬೇಡಿಕೊಂಡ.

ಮೂರನೇ ಮಹಡಿಯ ಎರಡು ಕೋಣೆಯ ಮನೆ. ತಮ್ಮನ ಹೆಂಡತಿ ಔಷಧಿ ಅಂಗಡಿಗೆ ಹೋಗಿದ್ದಳು. ತಮ್ಮ ಮೇಜಿನ ಮೇಲೆ ಕಂಬಳಿ ಹಾಸಿ ಅವಳ ಇನ್ನೊಂದು ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದ. ಅಣ್ಣನನ್ನು ಕಂಡು ಗಾಬರಿಯಿಂದಲೇ ಕೇಳಿದ, "ಬಾ ಅಣ್ಣ. ಅತ್ತಿಗೆ ಹೇಗಿದಾರೆ?"

"ಅವಳಿಗೇನು, ಚೆನ್ನಾಗಿದಾಳೆ." ಮೇಯರ್ ಸುತ್ತ ಕಣ್ಣಾಡಿಸಿದ. "ಕಂಪ್ಯೂಟರ್ ಎಲ್ಲೋ?"

"ತಗೊಂಡಿಲ್ಲ."

"ಮತ್ತೆ ಊರು?"

ತಮ್ಮ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ಗುಂಡಿ ದಾರ ಇಡುವ ಡಬ್ಬಿಯಿಂದ ಪೆನ್‌ಡ್ರೈವ್ ತೆಗೆದ. "ಇಗೋ. ಅವತ್ತು ತಂದಿದ್ದು ಹಾಗೇ ಇದೆ. ತೆಗೆದೇ ನೋಡಿಲ್ಲ. ಪಣದ ಮಾತು ನೀನು ತಮಾಷೆಗೆ ಹೇಳಿದ್ದೆ ಅಂದ್ಕೊಂಡಿದ್ದೆ."

ಮೇಯರನ ಎದೆ ಒಂದು ಕ್ಷಣ ಹಗುರವಾಯಿತು. ಎದುರಾಳಿ ಕಣಕ್ಕೇ ಇಳಿದಿಲ್ಲ! ಮರುಕ್ಷಣವೇ ಲೆಕ್ಕ ಹೊಳೆಯಿತು. ಯಾರೂ ಮುಟ್ಟದ ಊರು. ಅಂದರೆ ನಲವತ್ತೊಂದು ಸಾವಿರವೂ ಹಾಗೇ ಇದ್ದಾರೆ, ಗುಂಡಿಯ ಡಬ್ಬಿಯಲ್ಲಿ, ಬ್ರೆಡ್ಡು ತಿಂದುಕೊಂಡು. ಆಡದೆಯೇ ತಮ್ಮ ಗೆದ್ದಿದ್ದ.

"ಆಟ ಬೇಜಾರಾಯ್ತೇನೋ?"

"ನನಗೆ ಮೊದಲಿಂದಲೂ ಅದು ಅಷ್ಟಕ್ಕಷ್ಟೇ ಅಣ್ಣ."

"ಒಂಬತ್ತು ವರ್ಷ ಆಡಿದ್ಯಲ್ಲೋ!"

ತಮ್ಮ ಕೋಟಿನ ಕಾಲರ್ ತಿರುಗಿಸಿ ನೀರು ಚಿಮುಕಿಸಿದ. "ಆಡಿದ್ದು ನೀನು. ನಾನು ಬೆಳಿಗ್ಗೆ ಎದ್ದು ಎಲ್ಲೆಲ್ಲಿ ಕೆಂಪು ಇದೆಯೋ ಅಲ್ಲಲ್ಲಿ ಒಂದು ಕೊಟ್ಟಿಗೆ, ಎರಡು ಗಾಡಿ ಇಟ್ಟು ಸರಿ ಮಾಡ್ತಿದ್ದೆ, ಅಷ್ಟೇ."

"ಯಾಕೆ? ನಾನು ಹೇಳಿದ್ನಾ?"

ತಮ್ಮ ತಲೆ ಎತ್ತಲಿಲ್ಲ. "ಊರಲ್ಲಿ ಬ್ರೆಡ್ಡು ನಿಂತ್ರೆ ನಮ್ಮ ಮನೇಲಿ ಊಟ ನಿಲ್ತಿತ್ತಲ್ಲ ಅಣ್ಣ. ನೀನು ತಟ್ಟೆ ಎಸೆಯೋ ಹೊತ್ತಿಗೆ ನಾನು ಕುಲುಮೆ ಹತ್ರ ಇರ್ತಿದ್ದೆ, ಬಂದು ಹಿಡಿಯೋಕೆ ಆಗ್ತಿರ್ಲಿಲ್ಲ. ಬೆಳಿಗ್ಗೆ ಒಂದು ಗಂಟೆ ಕೂತ್ರೆ ಸಾಯಂಕಾಲ ಮನೆ ತಣ್ಣಗಿರ್ತಿತ್ತು."

ಮೇಯರಿಗೆ ಕಿವಿ ಬಿಸಿಯಾಯಿತು. ಕಪಾಳಕ್ಕೆ ಬಾರಿಸಬೇಕೆನಿಸಿತು. ಬದಲಿಗೆ ಕೇಳಿದ, "ಅವಳಿಗೆ ಗೊತ್ತಿತ್ತಾ?"

"ಅತ್ತಿಗೇನೇ ಎಬ್ಬಿಸ್ತಿದ್ರು. 'ನಿನ್ನೆ ಗೊಣಗ್ತಾ ಮಲಗಿದ್ರು, ಸ್ವಲ್ಪ ನೋಡಪ್ಪಾ' ಅಂತ ಟೀ ಕೊಡೋರು."

ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೆ ಚುಯ್ ಎಂದಿತು. ತಾನು ಬೆಳಕಿನ ಪರದೆಯ ಮುಂದೆ ಬಾಟಲಿ ನೋಡುತ್ತಿದ್ದ ಹೊತ್ತಿನಲ್ಲಿ, ಇವರಿಬ್ಬರೂ ತನಗೆ ಸಿಟ್ಟು ಬರದಿರಲಿ ಎಂದು ಮನೆಯ ಕಂಪ್ಯೂಟರಿನ ಮುಂದೆ ಕೂತು ಬ್ರೆಡ್ಡು ಹಂಚುತ್ತಿದ್ದರು. ಒಂದು ದಿನವಲ್ಲ, ಒಂಬತ್ತು ವರ್ಷ. ಮೇಯರಿಗೆ ಅಳು ಬಂತು, ಅಳಲಿಲ್ಲ. ತಮ್ಮನ ಮುಂದೆ ಅಳಲು ಅವನು ಅಣ್ಣನಲ್ಲವೇ?

"ನಿನ್ನ ಊರು ಎಷ್ಟಾಗಿದೆ ಅಣ್ಣ?" ಎಂದು ತಮ್ಮ ಮೆಲ್ಲಗೆ ಕೇಳಿದ.

ಮೇಯರನ ಕಣ್ಣು ಪೆನ್‌ಡ್ರೈವಿನ ಮೇಲೇ ಇತ್ತು. ತಮ್ಮನಿಗೆ ಅರ್ಥವಾಯಿತು. ಪೆನ್‌ಡ್ರೈವ್ ಅಣ್ಣನ ಕೈಯೊಳಗಿಟ್ಟು ಬೆರಳು ಮಡಿಸಿದ. "ನಾಳೆ ಇದನ್ನೇ ತೋರಿಸು. ಯಾರಿಗೆ ಗೊತ್ತಾಗುತ್ತೆ? ನನ್ನದು ಹಾಳಾಗಿ ಹೋಯ್ತು, ಅಣ್ಣನೇ ಗೆದ್ದ ಅಂತ ನಾನೇ ಹೇಳ್ತೀನಿ."

ಬೇಡ ಎನ್ನಬೇಕಿತ್ತು. ಜೇಬಿಗೆ ಹಾಕಿಕೊಂಡ.

ಮನೆಗೆ ಬಂದು ಬಾಗಿಲು ತಟ್ಟಿದಾಗ ಒಳಗೆ ರೇಡಿಯೋ ಹಾಡುತ್ತಿತ್ತು, ಹೆಂಡತಿ ಜೊತೆಗೆ ಗುನುಗುತ್ತಿದ್ದಳು. ತಟ್ಟಿದ ಸದ್ದಿಗೆ ಎರಡೂ ನಿಂತವು. ಅವಳು ಬಾಗಿಲು ತೆಗೆದು, ಬೇರೇನೂ ಹೇಳುವ ಮೊದಲು ಅವನ ಮುಖ ನೋಡಿದಳು. ಹಣೆ, ಹುಬ್ಬು, ಬಾಯಿ, ಒಂದೊಂದಾಗಿ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವವನಿಗೆ ಆ ನೋಟ ಎಂಥದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ದಿನವೂ ಹೀಗೇ ನೋಡುತ್ತಿದ್ದಳೇನೋ. ಅವನು ಕಂಡದ್ದು ಇವತ್ತು. ಯಾವ ಮುಖ ಇಟ್ಟುಕೊಳ್ಳಬೇಕೆಂದು ತಿಳಿಯದೆ ಹೊಸ್ತಿಲಲ್ಲೇ ನಿಂತ.

"ಊಟ ಬಡಿಸ್ಲಾರೀ?" ಎಂದಳು.

"ಆಮೇಲೆ ಮಾಡ್ತೀನಿ. ರೇಡಿಯೋ ಯಾಕೆ ನಿಲ್ಲಿಸಿದೆ? ಹಾಕು, ಕೇಳು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಇದು ಯಾವ ಬಗೆಯ ಕೋಪ ಎಂದು ಅವಳಿಗೆ ಗೊತ್ತಾಗಲಿಲ್ಲ.

"ಇಲ್ಲ ರೀ, ಬೇಡ," ಎಂದಳು. "ನಾನೇನೂ ಕೇಳ್ತಿರ್ಲಿಲ್ಲ."