ಲಕೋಟೆಯೊಳಗಿನ ಬೈರ

"ನೀವು ನೋಡ್ಲೇಬೇಕು ಅಂತೇನಿಲ್ಲಮ್ಮ. ಬೇಕು, ಬೇಡ, ಎರಡರಲ್ಲಿ ಒಂದು ಹೇಳಿದ್ರೆ ಸಾಕು," ಎಂದು ವಕೀಲ ಗುಲಾಮ್ ರಸೂಲ್ ಲಕೋಟೆಯ ಮೇಲಿಂದ ಅಂಗೈ ತೆಗೆಯದೆ ಹೇಳಿದರು. ನ್ಯಾಯಾಲಯದ ಪಕ್ಕದ ಆ ಚಿಕ್ಕ ಕೋಣೆಯಲ್ಲಿ ಮುನಿಯಲ್ಲಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಗಂಡ ಆವಲಪ್ಪ ಕೂರದೆ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

ಲಕೋಟೆಯಲ್ಲಿದ್ದದ್ದು ಅವರ ಮಗ ಚಿಕ್ಕಬೈರಪ್ಪನ ಹದಿನಾಲ್ಕು ಫೋಟೊಗಳು. ಮಿಲಿಟರಿಯಲ್ಲಿ ಗುಮಾಸ್ತನಾಗಿದ್ದ ಬೈರ ಗುಟ್ಟಿನ ಕಾಗದಗಳನ್ನು ಶತ್ರುಗಳಿಗೆ ಕೊಟ್ಟನೆಂದು ಎಪ್ಪತ್ತೊಂಬತ್ತರಲ್ಲಿ ಅವನ ಮೇಲಧಿಕಾರಿಗಳೇ ಹಿಡಿದು ಒಳಗೆ ಹಾಕಿದ್ದರು. ಹತ್ತೊಂಬತ್ತನೆಯ ದಿನ, ಎದೆಬಡಿತ ನಿಂತು ತೀರಿಕೊಂಡನೆಂದು ತಂತಿ ಬಂತು. ಕೊಡಿಗೇಹಳ್ಳಿಗೆ ಬಂದ ಪೆಟ್ಟಿಗೆಯನ್ನು ತೆರೆಯಲು ಜೊತೆಗೆ ಬಂದವರು ಬಿಡಲಿಲ್ಲ. ಎರಡು ವರ್ಷ ಕೋರ್ಟಿಗೆ ಅಲೆದ ಮೇಲೆ, ಒಳಗೆ ಅವನನ್ನು ಹೊಡೆದವರಲ್ಲೇ ಒಬ್ಬ ಆಗಲೇ ಫೋಟೊ ತೆಗೆದಿಟ್ಟಿದ್ದಾನೆಂದು ಗೊತ್ತಾಯಿತು. ಆ ಫೋಟೊಗಳು ಪೇಪರಿನಲ್ಲಿ ಬಂದರೆ ಸೈನ್ಯದ ಮಾನ ಹೋಗುತ್ತದೆ ಎಂದು ಸರ್ಕಾರದ ಕಡೆಯವರು ವಾದಿಸಿದರು. ಪ್ರಕಟಿಸಬೇಕೇ ಬೇಡವೇ ಎಂದು ಹೆತ್ತವರನ್ನು ಒಂದು ಮಾತು ಕೇಳಿ ಎಂದಿದ್ದರು ನ್ಯಾಯಾಧೀಶರು.

ಹೋದ ವಾರ ಜೀಪಿನಲ್ಲಿ ಒಬ್ಬ ಅಧಿಕಾರಿ ಮನೆಗೇ ಬಂದಿದ್ದ. ಜಗುಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಮೈಮೇಲೆ ಬಟ್ಟೆಯಿಲ್ಲದ ಮಗನನ್ನು ಊರೆಲ್ಲ ಪೇಪರಿನಲ್ಲಿ ನೋಡುವುದು ನಿಮಗೆ ಬೇಕೇ ಎಂದು ಮೆತ್ತಗೆ ಕೇಳಿದ್ದ. ಅಂದಿನಿಂದ ಆವಲಪ್ಪ ದ್ರಾಕ್ಷಿ ತೋಟದ ಕೆಲಸಕ್ಕೂ ಹೋಗಿರಲಿಲ್ಲ. ಬೇಡವೆಂದು ಹೆಬ್ಬೆಟ್ಟು ಒತ್ತಿ ಬಂದುಬಿಡೋಣ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆಂಡತಿಗೆ ಹೇಳುತ್ತ ಬಂದಿದ್ದ.

"ತೋರ್ಸಿ ಸ್ವಾಮಿ," ಎಂದಳು ಮುನಿಯಲ್ಲಮ್ಮ.

ಒಂದೊಂದನ್ನೇ ನೋಡಿದಳು. ಅಳಲಿಲ್ಲ. ಎಳೆಗೂಸಿಗೆ ಎಣ್ಣೆ ಹಚ್ಚುವವಳ ಹಾಗೆ ಭುಜ, ಪಕ್ಕೆ, ಮಂಡಿಗಳ ಮೇಲೆ ಬೆರಳಾಡಿಸುತ್ತ ಹೋದಳು. ಅಂಗಾಲುಗಳ ಹತ್ತಿರ ಬೆರಳು ನಿಂತಿತು. ಒಂಬತ್ತನೆಯ ಫೋಟೊದಲ್ಲಿ ಬೈರನ ಹಿಂದೆ, ಗೋಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತ ಇನ್ನೊಬ್ಬನಿದ್ದ.

"ಇವ್ನ್ಯಾರು?"

ಕಡತದಲ್ಲಿ ಹೆಸರಿಲ್ಲ ಎಂದರು ವಕೀಲರು. ಬದುಕಿದ್ದಾನೋ ಇಲ್ಲವೋ ಎಂಬುದನ್ನೂ ಸರ್ಕಾರದವರು ಹೇಳುತ್ತಿಲ್ಲ ಎಂದರು.

"ಇವ್ನ ಅಮ್ಮಂಗೂ ಎದೆ ನಿಂತೋಯ್ತು ಅಂತ್ಲೇ ತಂತಿ ಓಗಿರ್ತದೆ," ಎಂದಳು ಅವಳು.

ಆವಲಪ್ಪ ತಿರುಗಲಿಲ್ಲ. "ನಮ್ ಮಗನ್ ಮಾನ ಕಣೇ ಅದು. ಅದೊಂದಾದ್ರೂ ಅವನ ಜೊತ್ಗೆ ಮಣ್ಣಾಗಿರ್ಲಿ ಬುಡು."

"ಅವನೇನು ತಾನಾಗಿ ಬಟ್ಟೆ ಬಿಚ್ಕಂಡ್ನಾ? ಬಿಚ್ಚಿದೋರು ಅವ್ರೆ," ಎಂದು ಮುನಿಯಲ್ಲಮ್ಮ ಮಸಿಯ ಡಬ್ಬಿಗೆ ಕೈ ಚಾಚಿದಳು.

ಸರ್ಕಾರ ಬಿಡದೆ ಮೇಲಿನ ಕೋರ್ಟಿಗೆ ಹೋಯಿತು. ಅಲ್ಲಿಯವರು ಒಂದೇ ಒಂದು ಫೋಟೊವನ್ನು ಪ್ರಕಟಿಸಬಹುದು ಎಂದರು. ಯಾವುದೆಂದು ವಕೀಲರು ಕೇಳಿದಾಗ ಮುನಿಯಲ್ಲಮ್ಮ ಒಂಬತ್ತನೆಯದು ಎಂದಳು. ಆ ಇನ್ನೊಬ್ಬನ ಗುರುತು ಹೇಳಿಕೊಂಡು ಮುಂದೆಂದೂ ಯಾರೂ ಬರಲಿಲ್ಲ.

ಪೇಪರಿನಲ್ಲಿ ಅದು ಬಂದ ದಿನ ಆವಲಪ್ಪ ಬೆಳಕು ಹರಿಯುವಾಗಲೇ ಬಸ್ ಸ್ಟಾಪಿಗೆ ಹೋಗಿ, ಊರಿಗೆಂದು ಇಳಿಸಿದ ಪೇಪರಿನ ಕಟ್ಟನ್ನು ದಾರ ಬಿಚ್ಚದೆ ಹಾಗೇ ಕೊಂಡು ತಂದ. ನಡುಮನೆಯಲ್ಲಿ ಇಟ್ಟು, ಮೇಲೆ ಕಂಬಳಿ ಹೊದಿಸಿ, ಪಕ್ಕದಲ್ಲಿ ಕೂತ. ಮುನಿಯಲ್ಲಮ್ಮ ಒಲೆ ಹಚ್ಚಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ನಾರಾಯಣಮ್ಮ ಮುದ್ದೆ, ಸಾರು ತಂದಿಟ್ಟಳು. ಯಲಹಂಕಕ್ಕೆ ಹೋಗಿದ್ದ ಅವಳ ತಮ್ಮ ಅಲ್ಲಿ ಪೇಪರು ನೋಡಿ ಬಂದಿದ್ದ. ಅವಳ ಹಿಂದೆ ಇನ್ನಿಬ್ಬರು ಬಂದರು. ಆಮೇಲೆ ಕೇರಿಯವರು ಒಬ್ಬೊಬ್ಬರಾಗಿ ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು ಗೋಡೆಗೊರಗಿ ಕೂತರು. ದೇಶಕ್ಕೆ ದ್ರೋಹ ಮಾಡಿದವನೆಂದು, ಪೆಟ್ಟಿಗೆ ಬಂದ ದಿನ ಇವರಲ್ಲಿ ಒಬ್ಬರೂ ಈ ಹೊಸಿಲು ತುಳಿದಿರಲಿಲ್ಲ.

ಆವಲಪ್ಪ ಬಂದವರ ಮುಖಗಳನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಎದ್ದು, ಕಂಬಳಿಯ ಒಂದು ಅಂಚನ್ನು ಮೆಲ್ಲಗೆ ಹಿಂದಕ್ಕೆ ಮಡಚಿ, ಅವರಿಗೆ ಜಾಗ ಬಿಟ್ಟು ಸರಿದು ಕೂತ.